ಸಮಾಜ ಸೇವಕಿಯಾಗಿದ್ದ ಅಮ್ಮನ ಸ್ಮರಣ ಪುಸ್ತಿಕೆಯನ್ನು ಸಿದ್ಧಪಡಿಸುವುದು ಹೇಗೆ?

ವರ್ಷಾಂತಿಕದ ದಿನ ಮನೆಗೆ ಬಂದವರ ಕೈಗೆ ಅಗಲಿದವರ ಬಗ್ಗೆ ಒಂದು ಪುಸ್ತಿಕೆ ಕೊಡುವ ಮನೆಗಳು ಉಡುಪಿ, ಮಂಗಳೂರು ಕಡೆ ಹಲವಿವೆ. ನನ್ನ ಅಮ್ಮ ಮಹಿಳಾ ಮಂಡಲ, ಬೀಡಿ ಕಟ್ಟುವವರ ಅರ್ಜಿ, ವಿಧವಾ ವೇತನ, ರಾತ್ರಿ ಅಕ್ಷರ ತರಗತಿ ಎಂದು ಉಡುಪಿಯ ಸುತ್ತಲಿನ ಹಳ್ಳಿಗಳಲ್ಲಿ ಮೂವತ್ತು ವರ್ಷ ಓಡಾಡಿದವರು. ಅವರ ಪುಸ್ತಿಕೆಯನ್ನು ಮಾಡುವಾಗ ನಾವು ಎಡವಿದ ಮತ್ತು ಕಲಿತ ಸಂಗತಿಗಳನ್ನು ಅಂಥದೇ ಕೆಲಸಕ್ಕೆ ಕೈಹಾಕುವವರಿಗಾಗಿ ಇಲ್ಲಿ ಬರೆದಿದ್ದೇನೆ.

ಉತ್ತರಕ್ರಿಯೆಯ ದಿನದ ನುಡಿನಮನದಲ್ಲಿ ಆಡಿದ ಮಾತುಗಳಿಂದ ಆರಂಭಿಸಬೇಡಿ. ನಮ್ಮಲ್ಲಿ ಅಂದು ನಾಲ್ವರು ಮಾತನಾಡಿದರು; ನಾಲ್ವರೂ ‘ತ್ಯಾಗಮಯಿ’ ಎಂದರು. ಊಟ ಮುಗಿದು ಕೈತೊಳೆಯುವ ನಳ್ಳಿಯ ಬಳಿ ನಿಂತಿದ್ದ ಹೆಂಗಸೊಬ್ಬರು ಮಾತ್ರ, ವಿಧವಾ ವೇತನದ ಅರ್ಜಿ ಹಿಡಿದು ಅಕ್ಕ ತನ್ನ ಜೊತೆ ಮೂರು ಸಲ ತಾಲೂಕು ಕಚೇರಿಗೆ ಬಂದರೆಂದೂ, ಮೂರನೆಯ ಸಲ ಬಸ್ಸಿನ ಹಣ ಸಾಲದೆ ಇಬ್ಬರೂ ಅರ್ಧ ದಾರಿ ನಡೆದೇ ಮನೆ ಸೇರಿದರೆಂದೂ ನನ್ನೊಬ್ಬನಿಗೇ ಹೇಳಿದರು. ಪುಸ್ತಿಕೆಗೆ ಬೇಕಾದದ್ದು ಆ ನಳ್ಳಿಯ ಬಳಿಯ ಮಾತು. ಮಂಗಳೂರಿನ ಪುರಭವನಕ್ಕೆ ಹೆಸರಾಗಿರುವ ಕುದ್ಮುಲ್ ರಂಗರಾಯರನ್ನೇ ನೋಡಿ: ಅವರನ್ನು ಹೊಗಳಿದ ವಿಶೇಷಣಗಳು ಯಾರ ನೆನಪಿನಲ್ಲೂ ಇಲ್ಲ, ಆದರೆ 1897ರಲ್ಲಿ ದಲಿತರ ಏಳಿಗೆಗೆಂದು ಸಂಸ್ಥೆ ಕಟ್ಟಿದವರು ತಮ್ಮ ಅಂತ್ಯಸಂಸ್ಕಾರವೂ ದಲಿತರ ಕೈಯಿಂದಲೇ ಆಗಬೇಕೆಂದು ಬಯಸಿದ್ದರೆಂಬ ಒಂದು ಸಂಗತಿ ಇಂದಿಗೂ ಬಾಯಿಂದ ಬಾಯಿಗೆ ಹೋಗುತ್ತಿದೆ.

ಆದ್ದರಿಂದ ಮೊದಲ ಎರಡು ತಿಂಗಳನ್ನು ಬರೆಯುವುದಕ್ಕಲ್ಲ, ಕೇಳುವುದಕ್ಕೆ ಇಟ್ಟುಕೊಳ್ಳಿ. ‘ಅಮ್ಮ ಹೇಗಿದ್ದರು?’ ಎಂದು ಕೇಳಿದರೆ ‘ದೇವರಂಥವರು’ ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮಾತು ಮುಗಿಯುತ್ತದೆ. ಅವರು ನಿಮ್ಮ ಮನೆಗೆ ಮೊದಲು ಬಂದದ್ದು ಯಾವ ಕಾರಣಕ್ಕೆ, ಬಂದವರು ಎಲ್ಲಿ ಕೂತರು, ಏನು ಕುಡಿದರು, ನಿಮ್ಮ ಮೇಲೆ ಯಾವತ್ತಾದರೂ ಸಿಟ್ಟಾಗಿದ್ದರೇ ಎಂದು ಕೇಳಿ. ಸಿಟ್ಟಿನ ಪ್ರಶ್ನೆ ವಿಚಿತ್ರವೆನಿಸಬಹುದು, ಆದರೆ ನಮಗೆ ಅತ್ಯುತ್ತಮ ಪ್ರಸಂಗಗಳು ದೊರೆತದ್ದು ಅದರಿಂದಲೇ. ತುಳು, ಕೊಂಕಣಿ, ಬ್ಯಾರಿ, ಕುಂದಗನ್ನಡ, ಯಾವುದರಲ್ಲಿ ಹೇಳುತ್ತಾರೋ ಅದರಲ್ಲೇ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು, ಆಮೇಲೆ ಕನ್ನಡಕ್ಕೆ ತನ್ನಿ. ಬೀಡಿ ಕಟ್ಟುವವರ ಬಳಿ ಹೋಗುವುದಾದರೆ ಅವರ ಕೈ ಕೆಲಸ ನಿಲ್ಲಿಸಬೇಡಿ. ಎಲೆ ಕತ್ತರಿಸುತ್ತ, ನೂಲು ಸುತ್ತುತ್ತ ಆಡುವ ಮಾತು ಸಲೀಸಾಗಿರುತ್ತದೆ, ಕುರ್ಚಿ ಹಾಕಿ ಎದುರು ಕೂರಿಸಿದರೆ ಅದೇ ಮಾತು ಭಾಷಣವಾಗುತ್ತದೆ.

ಅಮ್ಮನ ಚೀಲ, ಡೈರಿ, ಹಳೆಯ ಲೆಕ್ಕದ ಪುಸ್ತಕಗಳನ್ನು ಯಾರೂ ಎಸೆಯದಂತೆ ನೋಡಿಕೊಳ್ಳಿ. ನಮ್ಮ ಅಮ್ಮನ ಬಟ್ಟೆಯ ಚೀಲದ ಒಳಜೇಬಿನಲ್ಲಿ ತಗಡಿನ ಮುಚ್ಚಳದ ಒಂದು ಇಂಕು ಪ್ಯಾಡು, ಅದಕ್ಕೆ ಸುತ್ತಿದ ಹಳೆಯ ಸೀರೆಯ ತುಂಡು ಇದ್ದವು. ಅರ್ಜಿಗಳಿಗೆ ಹೆಬ್ಬೆಟ್ಟು ಒತ್ತಿಸಲು ಪ್ಯಾಡು, ಒತ್ತಿದ ಬೆರಳನ್ನು ಒರೆಸಲು ಬಟ್ಟೆ. ಬಟ್ಟೆಯ ತುಂಬ ನೇರಳೆ ಬಣ್ಣದ ಕಲೆಗಳಿದ್ದವು, ಪ್ಯಾಡು ಮಾತ್ರ ಒಣಗಿ ಬಿರುಕು ಬಿಟ್ಟಿತ್ತು. 1990ರ ದಶಕದ ಆರಂಭದಲ್ಲಿ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನ ನಡೆದ ಮೇಲೆ ಅಮ್ಮನ ತರಗತಿಯ ಹೆಂಗಸರು ಸಹಿ ಹಾಕತೊಡಗಿದ್ದರು. ಆ ಪ್ಯಾಡಿನ ಚಿತ್ರವನ್ನೇ ನಾವು ಮುಖಪುಟಕ್ಕೆ ಹಾಕಿದೆವು. ಹಾರ ಹಾಕಿದ ಫೋಟೋ ಬೇಕೇಬೇಕು ಎಂದ ಸೋದರಮಾವನನ್ನು ಒಪ್ಪಿಸಲು ಒಂದು ವಾರ ಹಿಡಿಯಿತು.

ಇಸವಿಗಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು, ಏಕೆಂದರೆ ನಮ್ಮ ಹಿರಿಯರಲ್ಲಿ ಹಲವರು ಇಸವಿ ಹೇಳುವುದಿಲ್ಲ, ಘಟನೆ ಹೇಳುತ್ತಾರೆ. ‘ಡಿಕ್ಲರೇಶನ್ ಕೊಟ್ಟ ಕಾಲ’ ಎಂದರೆ 1974ರ ಭೂಸುಧಾರಣೆಯ ತಿದ್ದುಪಡಿಯ ನಂತರ ಗೇಣಿದಾರರು ಅರ್ಜಿ ಹಾಕಿದ ವರ್ಷಗಳು. ‘ನೆರೆ ಬಂದ ವರ್ಷ’ ಎಂದು ಬಂಟ್ವಾಳದ ಕಡೆಯವರು ಹೇಳಿದರೆ ಅದು ಸಾಮಾನ್ಯವಾಗಿ 1974ರದ್ದು. ‘ರೈಲು ಬಂದ ವರ್ಷ’ ಎಂಬುದು ಮೋಸ ಮಾಡುತ್ತದೆ: ಮಂಗಳೂರಿನಿಂದ ಉಡುಪಿಗೆ ರೈಲು ಬಂದದ್ದು 1993ರಲ್ಲಿ, ಕೊಂಕಣ ರೈಲು ಪೂರ್ತಿಯಾಗಿ ತೆರೆದದ್ದು 1998ರಲ್ಲಿ. ಇನ್ನು ಪರ್ಯಾಯದ ಲೆಕ್ಕ, ಅಂದರೆ ಉಡುಪಿಯ ಕೃಷ್ಣಮಠದ ಪೂಜೆಯನ್ನು ಎಂಟು ಮಠಗಳು ಸರದಿಯಂತೆ ವಹಿಸಿಕೊಳ್ಳುವುದರ ಲೆಕ್ಕ. ಅಷ್ಟಮಠಗಳ ಪರ್ಯಾಯ ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಬದಲಾಗುವುದರಿಂದ ಒಂದು ಮಠದ ಸರದಿ ಹದಿನಾರು ವರ್ಷಕ್ಕೊಮ್ಮೆ ಬರುತ್ತದೆ. ‘ಪೇಜಾವರರ ಪರ್ಯಾಯದಲ್ಲಿ’ ಎಂದರೆ 1984 ಇರಬಹುದು, 2000 ಇರಬಹುದು. ಹೇಳಿದವರ ಮಗುವಿನ ವಯಸ್ಸು ಕೇಳಿದರೆ ಗೊಂದಲ ಬಗೆಹರಿಯುತ್ತದೆ. ಕಾಗದ ಪತ್ರದಲ್ಲಿ ಉಡುಪಿಯ ವಿಳಾಸದ ಕೆಳಗೆ ‘ಉಡುಪಿ ಜಿಲ್ಲೆ’ ಎಂದಿದ್ದರೆ ಅದು 1997ರ ಆಗಸ್ಟಿನಲ್ಲಿ ಜಿಲ್ಲೆ ಬೇರೆಯಾದ ಮೇಲಿನದು.

ಸಮಾಜ ಸೇವಕಿಯ ಬಗ್ಗೆ ಬರೆಯುವಾಗ ಎದುರಾಗುವ ದೊಡ್ಡ ಸಂಕಟ ಬೇರೆಯವರ ಗುಟ್ಟುಗಳದ್ದು. ಗಂಡನ ಹೊಡೆತ ತಾಳದೆ ಬಂದವಳು, ಮದುವೆಗೆ ಮುಂಚೆ ಬಸುರಾದವಳು, ಕಾಯಿಲೆಯನ್ನು ಮುಚ್ಚಿಟ್ಟವನು, ಇವರೆಲ್ಲ ಅಮ್ಮನನ್ನು ನಂಬಿ ಹೇಳಿಕೊಂಡವರೇ ಹೊರತು ಅಮ್ಮನ ಮಕ್ಕಳನ್ನು ನಂಬಿ ಅಲ್ಲ. ಹೆಸರು ಬಿಟ್ಟರೆ ಸಾಕೆಂದು ತಿಳಿಯಬೇಡಿ. ಚಿಕ್ಕ ಊರಿನಲ್ಲಿ ಮನೆಯ ದಿಕ್ಕು ಹೇಳಿದರೂ ಗುರುತು ಸಿಗುತ್ತದೆ. ಸಂಬಂಧಪಟ್ಟವರಿಗೆ ಬರೆದದ್ದನ್ನು ಓದಿ ಹೇಳಿ ಒಪ್ಪಿಗೆ ಪಡೆಯಿರಿ, ಅದಾಗದಿದ್ದರೆ ಪ್ರಸಂಗವನ್ನೇ ಕೈಬಿಡಿ. ನಾವು ಡೈರಿಯ ಎರಡು ಹಾಳೆಗಳನ್ನು ಓದಿ, ಮಡಿಸಿ, ಹಾಗೆಯೇ ಇಟ್ಟಿದ್ದೇವೆ.

ಮನೆಯೊಳಗಿನ ಅಮ್ಮನನ್ನು ಪ್ರತ್ಯೇಕ ಅಧ್ಯಾಯಕ್ಕೆ ತಳ್ಳುವುದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಅವರು ಊರಿಗೆ ಕೊಟ್ಟ ಹೊತ್ತು ಮನೆಯಿಂದಲೇ ಹೋದದ್ದು. ನನ್ನ ತಂಗಿಗೆ ಶಾಲೆಯಲ್ಲಿ ಬಹುಮಾನ ಬಂದ ದಿನ ಅಮ್ಮ ಯಾರದೋ ಹೆರಿಗೆಗೆ ಆಸ್ಪತ್ರೆಯಲ್ಲಿದ್ದರು. ಒಲೆಯ ಮೇಲೆ ಗಂಜಿ, ಅದರ ಮುಚ್ಚಳದ ಮೇಲೆ ಕಲ್ಲು, ಪಕ್ಕದಲ್ಲಿ ‘ಉಪ್ಪಿನಕಾಯಿ ಭರಣಿಯನ್ನು ಒದ್ದೆ ಕೈಯಲ್ಲಿ ಮುಟ್ಟಬೇಡಿ’ ಎಂಬ ಚೀಟಿ. ತಂಗಿಗೆ ಆ ಬೇಸರ ಇಂದಿಗೂ ಇದೆ. ಅದನ್ನು ಅವಳ ಮಾತಿನಲ್ಲೇ, ಏನನ್ನೂ ಮೆತ್ತಗೆ ಮಾಡದೆ, ಆ ಹೆರಿಗೆಯ ಪ್ರಸಂಗದ ಮರುಪುಟದಲ್ಲೇ ಅಚ್ಚು ಹಾಕಿಸಿದೆವು. ಓದಿದವರಲ್ಲಿ ಹೆಚ್ಚಿನವರು ಮೊದಲು ಮಾತನಾಡಿದ್ದು ಆ ಪುಟದ ಬಗ್ಗೆ.

ಮುದ್ರಣದ ಬಗ್ಗೆ ಹೇಳಬೇಕಾದದ್ದು ಕಡಿಮೆ. ನಡುವೆ ಪಿನ್ನು ಹೊಡೆಯುವ ಪುಸ್ತಿಕೆಯಾದರೆ ಪುಟಗಳ ಸಂಖ್ಯೆ ನಾಲ್ಕರಿಂದ ಭಾಗವಾಗಬೇಕು. 32 ಪುಟ ಧಾರಾಳ. ಹಳೆಯ ಚಿಕ್ಕ ಫೋಟೋಗಳನ್ನು ಸ್ಕ್ಯಾನ್ ಮಾಡಿಸಿ, ಎಡದಿಂದ ಬಲಕ್ಕೆ ಯಾರು ಯಾರು ಎಂದು ಬರೆದಿಡಿ. ‘ನುಡಿ’ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ್ದನ್ನು ಯೂನಿಕೋಡಿಗೆ ತಂದರೆ ಒತ್ತಕ್ಷರಗಳು ಕೆಡಬಹುದಾದ್ದರಿಂದ ಕರಡನ್ನು ಕಾಗದದಲ್ಲೇ ತಿದ್ದಿ. ವರ್ಷಾಂತಿಕವನ್ನು ತಿಥಿಯ ಪ್ರಕಾರ ಮಾಡುವ ಮನೆಯಾದರೆ ಅದು ತಾರೀಖಿಗಿಂತ ಸುಮಾರು ಹನ್ನೊಂದು ದಿನ ಮುಂಚೆಯೇ ಬರಬಹುದು, ನಡುವೆ ಅಧಿಕಮಾಸ ಬಿದ್ದರೆ ತಡವಾಗಬಹುದು. ಪ್ರೆಸ್ಸಿನವರಿಗೆ ದಿನ ಹೇಳುವ ಮೊದಲು ಪಂಚಾಂಗ ನೋಡಿ.

ಕೊನೆಯ ಒಂದು ಪುಟವನ್ನು ಖಾಲಿ ಬಿಡಿ, ಹಂಚಿ ಉಳಿದ ಪ್ರತಿಗಳನ್ನು ಮನೆಯಲ್ಲೇ ಇರಿಸಿಕೊಳ್ಳಿ. ನಮ್ಮ ಪುಸ್ತಿಕೆ ಹಂಚಿದ ಮೂರನೆಯ ದಿನ, ನಳ್ಳಿಯ ಬಳಿ ಮಾತನಾಡಿದ್ದ ಆ ಹೆಂಗಸು ಮಗನ ಕೈಯಲ್ಲಿ ಓದಿಸಿಕೊಂಡು ಮನೆಗೆ ಬಂದರು. ಅರ್ಧ ದಾರಿ ನಡೆದದ್ದು ಮೂರನೆಯ ಸಲವಲ್ಲ, ಎರಡನೆಯ ಸಲ, ಮೂರನೆಯ ಸಲ ಹಣ ಮಂಜೂರಾಗಿತ್ತು, ಬಸ್ಸಿನಲ್ಲೇ ಬಂದೆವು ಎಂದರು. ಉಳಿದಿದ್ದ ನಲವತ್ತು ಪ್ರತಿಗಳಲ್ಲಿ ಅದನ್ನು ಪೆನ್ನಿನಿಂದ ತಿದ್ದಿದ್ದೇವೆ.