ಮೀನಮೇಷದ ರಾಜಕುಮಾರನೂ ಕಬ್ಬಿಣದ ಖಡ್ಗವೂ

“ಮೀನಮೇಷ ಎಣಿಸುವ ನಾಯಕನನ್ನು ಮುಂಬಯಿ ಕನ್ನಡಿಗರು ಎರಡು ಗಂಟೆ ಸಹಿಸುವುದಿಲ್ಲ” ಎಂದು ತಂಡದ ಹಿರಿಯರು ಮೊದಲೇ ಹೇಳಿದ್ದರು. ಯಕ್ಷಗಾನದ ವೀರರನ್ನು ನೋಡಿ ಬೆಳೆದ ಪ್ರೇಕ್ಷಕರು ನಮ್ಮವರು. ಷೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ನಾಟಕದ ಮೊದಲ ಪ್ರಯೋಗ ಹಿರಿಯರ ಮಾತನ್ನೇ ನಿಜ ಮಾಡಿತು. ನಟನಿಂದ ನಿಟ್ಟುಸಿರು ಬಿಡಿಸಿದೆ, ಹಣೆಗೆ ಕೈ ಇಡಿಸಿದೆ, ಅತ್ತಿಂದಿತ್ತ ಅಲೆದಾಡಿಸಿದೆ. ಮಧ್ಯಂತರದಲ್ಲಿ ವಡೆ ತಿನ್ನಲು ಹೋದವರಲ್ಲಿ ಅರ್ಧ ಜನ ಮರಳಲಿಲ್ಲ. ಬಾಡಿಗೆ, ಬೆಳಕು, ಪ್ರಸಾಧನ ಸೇರಿ ಸುಮಾರು 60 ಸಾವಿರ ಖರ್ಚು. ಬಂದದ್ದು 18 ಸಾವಿರವೋ 20 ಸಾವಿರವೋ.

ಎರಡನೆಯ ಸಲ ಸ್ವಗತಗಳಿಗೆ ಕತ್ತರಿ ಹಾಕಿದೆ. ಕಥೆ ಓಡಿತು, ಆದರೆ ಬರಿಯ ಸೇಡಿನ ಕಥೆಯಾಗಿ. ಇನ್ನೊಂದು 25 ಸಾವಿರ ಹೊಳೆಗೆ ಹೋಯಿತು.

ಮತ್ತೆ ಪಠ್ಯ ಹಿಡಿದು ಕುಳಿತಾಗ ಹೊಳೆಯಿತು, ಈ ಹುಡುಗ ಮಂದನೇ ಅಲ್ಲ. ಪರದೆಯ ಹಿಂದೆ ಸದ್ದಾದರೆ ಯಾರೆಂದು ನೋಡದೆಯೇ ಇರಿದು ಮಂತ್ರಿ ಪೊಲೋನಿಯಸ್‌ನನ್ನು ಕೊಲ್ಲುತ್ತಾನೆ. ಕಡಲ್ಗಳ್ಳರ ಹಡಗಿಗೆ ಒಬ್ಬನೇ ಹತ್ತುತ್ತಾನೆ. ಓಲೆ ಬದಲಿಸಿ ಇಬ್ಬರು ಹಳೆಯ ಗೆಳೆಯರನ್ನು ಸಾವಿಗೆ ಅಟ್ಟುತ್ತಾನೆ. ಅವನ ಕೈ ತಡೆಯುವುದು ತಂದೆಯನ್ನು ಕೊಂದು ರಾಜನಾದ ಚಿಕ್ಕಪ್ಪ ಕ್ಲಾಡಿಯಸ್‌ನ ಎದುರು ಮಾತ್ರ. ಹಾಗಾಗಿ ಮೂರನೆಯ ಸಲ ಅವನನ್ನು ಎಲ್ಲೆಡೆ ಚುರುಕಾಗಿಸಿ, ಮೂರನೆಯ ಅಂಕದ ಪ್ರಾರ್ಥನೆಯ ದೃಶ್ಯದಲ್ಲಷ್ಟೇ ನಿಲ್ಲಿಸಿದೆ. ಅಲ್ಲಿ ಚಿಕ್ಕಪ್ಪ ಒಬ್ಬನೇ ಮಂಡಿಯೂರಿರುತ್ತಾನೆ. ಪ್ರಾರ್ಥಿಸುವಾಗ ಕೊಂದರೆ ಸ್ವರ್ಗಕ್ಕೆ ಹೋದಾನೆಂದು ಹ್ಯಾಮ್ಲೆಟ್ ಎತ್ತಿದ ಖಡ್ಗ ಇಳಿಸುತ್ತಾನೆ. ನನ್ನ ನಟ ಹೋಟೆಲಿನ ಗಲ್ಲೆಯಲ್ಲಿ ಕೂರುವವನು. ಸ್ವಗತಗಳನ್ನು ಗಿರಾಕಿಯ ಬಿಲ್ ಕೂಡಿಸುವ ವೇಗದಲ್ಲೇ ಹೇಳು ಎಂದೆ.

ಮರದ ಖಡ್ಗ ಸಾಲಲಿಲ್ಲ. ಕುರ್ಲಾದ ಗುಜರಿಯಲ್ಲಿ 400 ರೂಪಾಯಿಗೆ ಕಬ್ಬಿಣದ ಪಟ್ಟಿಯೊಂದು ಸಿಕ್ಕಿತು, ಎರಡೂವರೆ ಕಿಲೋ ಇರಬಹುದು. ಒಂದೇ ಕೈಯಲ್ಲಿ ಚಾಚಿ ಹಿಡಿದರೆ ಏಳೆಂಟು ಉಸಿರಿನೊಳಗೆ ಮಣಿಕಟ್ಟು ತಾನಾಗಿ ನಡುಗುತ್ತದೆ. ಆ ಹೊತ್ತಿಗೆ ಕಣ್ಣು ಎಲ್ಲಿರಬೇಕೆಂಬುದನ್ನು ಇಲ್ಲಿ ಬರೆಯಲಾರೆ. ಬೇಕಾದವರು ತಾಲೀಮಿಗೆ ಬನ್ನಿ.

ನಡುವೆ ಬೇರೆ ಹುಚ್ಚುಗಳೂ ಇದ್ದವು. ಖಡ್ಗ ಎತ್ತಿ ನಿಂತ ಹೊತ್ತಿನ ಮೌನಕ್ಕೆ ಚಂಡೆ ಹಾಕಿಸಿದೆ, ಜನ ಯುದ್ಧವೆಂದುಕೊಂಡು ಚಪ್ಪಾಳೆ ತಟ್ಟಿದರು. ಇರಬೇಕೋ ಬೇಡವೋ ಎಂಬ ಸ್ವಗತವನ್ನು 1603ರ ಮೊದಲ ಮುದ್ರಣದಲ್ಲಿರುವಂತೆ ಕಥೆಯೊಳಗಿನ ನಾಟಕದವರು ಅರಮನೆಗೆ ಬರುವುದಕ್ಕೆ ಮೊದಲೇ ಇಟ್ಟು ನೋಡಿದೆ. ಅದು ಚೆನ್ನಾಗಿಯೇ ಕೂತಿತು, ಈಗಲೂ ಹಾಗೆಯೇ ಇಟ್ಟಿದ್ದೇನೆ.

ಮಾಟುಂಗಾದ ಪ್ರಯೋಗದಲ್ಲಿ ಖಡ್ಗ ಎದ್ದಾಗ ಮೂರನೆಯ ಸಾಲಿನ ಅಜ್ಜಿಯೊಬ್ಬರು “ಹೊಡೆದುಬಿಡು” ಎಂದರು. ಎರಡು ಉಸಿರು ಕಳೆಯುವಷ್ಟರಲ್ಲಿ ಅವರೇ “ಬೇಡ, ಬೇಡ” ಎಂದರು. ಖಡ್ಗ ಇಳಿಯಿತು. ಅವನು ಹೋದ ಮೇಲೆ ಕ್ಲಾಡಿಯಸ್ ಎದ್ದು, ತನ್ನ ಪ್ರಾರ್ಥನೆ ಬರಿಯ ಮಾತಾಯಿತೆಂದು ಒಪ್ಪಿಕೊಂಡಾಗ ಇಡೀ ಸಭೆ “ಅಯ್ಯೋ” ಎಂದಿತು. ಇಪ್ಪತ್ತು ವರ್ಷ ನಾಟಕ ಮಾಡಿದ್ದೇನೆ, ಅಂಥ “ಅಯ್ಯೋ” ನನಗೆ ಸಿಕ್ಕಿರಲಿಲ್ಲ. ಆ ರಾತ್ರಿ ಖರ್ಚು ಕಳೆದು 7 ಸಾವಿರದಷ್ಟು ಉಳಿಯಿತು.

ಮುಂದಿನ ಪ್ರಯೋಗ ಡೊಂಬಿವಲಿಯಲ್ಲಿ. ಕ್ಲಾಡಿಯಸ್‌ನ ಪಾತ್ರ ತಮಗೇ ಬೇಕೆಂದು ಮೀನಮೇಷದ ಮಾತಾಡಿದ ಆ ಹಿರಿಯರು ಹಟ ಹಿಡಿದಿದ್ದಾರೆ. ಕೊಟ್ಟೆ. ಪಟ್ಟಿ ಹಿಡಿಯಿಂದ ಕಳಚುವುದಿಲ್ಲ ತಾನೇ ಎಂದು ಈಗಾಗಲೇ ಎರಡು ಸಲ ಕೇಳಿದರು.