ಚಂಡೆ ಕೆಳಗಿಟ್ಟು ಮದ್ದಲೆ ಹಿಡಿದದ್ದು

ನಮ್ಮ ಹಾಡುಗಾರನ ಗಂಟಲು ಕೆಡದೇ ಇದ್ದಿದ್ದರೆ ನಾವು ಇಂದಿಗೂ ಶಿರಸಿಯ ಆ ಅಡಿಕೆ ಗೋದಾಮಿನಲ್ಲಿ ಡೆತ್ ಮೆಟಲ್ ಎಂಬ ಗುಡುಗುವ ದನಿಯ ಅಬ್ಬರದ ರಾಕ್ ಸಂಗೀತ ಬಾರಿಸುತ್ತಲೇ ಇರುತ್ತಿದ್ದೆವು. ಗೋದಾಮು ದೊಡ್ಡಪ್ಪನದು. ಗೋಡೆಗೆ ನಾವೇ ಕಟ್ಟಿದ ಗೋಣಿಚೀಲ, ಮೇಲೆ ತಗಡಿನ ಮಾಡು. ಜೂನ್ ತಿಂಗಳ ಮಳೆ ಆ ತಗಡಿಗೆ ಬಡಿಯುವಾಗಲೂ ನಮ್ಮ ಸದ್ದೇ ಮೇಲಾಗುತ್ತಿತ್ತು; ಅದು ನಮಗೊಂದು ಹೆಮ್ಮೆ. ನಾನು ಗಿಟಾರ್; ಬೇಸ್ ಗಿಟಾರ್ ನುಡಿಸುವವನು ಕುಮಟಾದಿಂದ ಘಟ್ಟ ಹತ್ತಿ ಬರುತ್ತಿದ್ದ, ಡ್ರಮ್ಮರ್ ಅಂಕೋಲೆಯವನು. ಐದು ವರ್ಷ ಹೀಗೇ ನಡೆದಿತ್ತು.

ಹಾಡುಗಾರನನ್ನು ಪರೀಕ್ಷಿಸಿದ ವೈದ್ಯರು ಸ್ವರತಂತುಗಳ ಮೇಲೆ ಸಣ್ಣ ಗಂಟು ಎದ್ದಿದೆ, ಆರು ವಾರ ಪಿಸುಮಾತೂ ಕೂಡದು ಎಂದರು. ಅವನು ಚೀಟಿಯಲ್ಲಿ ಬರೆದು ತೋರಿಸಿದ: ‘ಬ್ಯಾಂಡ್ ಮುಗಿಯಿತು.’ ನಾನು ಸ್ವೀಡನ್ನಿನ ಕಟಟೋನಿಯಾ ಎಂಬ ಮೆಟಲ್ ತಂಡದ ಕಥೆ ಹೇಳಿದೆ. ಅವರ ಗಾಯಕ ಯೋನಾಸ್ ರೆಂಕ್ಸೆಗೆ ಗುಡುಗುವ ದನಿ ಕೈಕೊಟ್ಟಾಗ, 1996ರ ‘ಬ್ರೇವ್ ಮರ್ಡರ್ ಡೇ’ ಆಲ್ಬಮ್ಮಿನಲ್ಲಿ ಆ ಭಾಗಗಳನ್ನು ಓಪೆತ್ ತಂಡದ ಮಿಕಾಯೆಲ್ ಓಕರ್‌ಫೆಲ್ಟ್ ಹಾಡಿದ. ಎರಡೇ ವರ್ಷದಲ್ಲಿ ಅವರ ‘ಡಿಸ್ಕರೇಜ್ಡ್ ಒನ್ಸ್’ ಆಲ್ಬಮ್ ಬಂತು. ಅದರಲ್ಲಿ ಗುಡುಗೇ ಇಲ್ಲ, ರೆಂಕ್ಸೆಯ ತೆಳುವಾದ ಸ್ವಚ್ಛ ದನಿ ಮಾತ್ರ. ಇಂಗ್ಲೆಂಡಿನ ಪ್ಯಾರಡೈಸ್ ಲಾಸ್ಟ್ ತಂಡ ಕೂಡ 1991ರಲ್ಲಿ ‘ಗೋಥಿಕ್’ ಎಂಬ ಮೆಟಲ್ ಆಲ್ಬಮ್ ಮಾಡಿ, 1999ರ ‘ಹೋಸ್ಟ್’ ಹೊತ್ತಿಗೆ ಸಿಂಥಸೈಜರ್ ಮುಂದೆ ನಿಂತಿತ್ತು. ಹಳೆಯ ಅಭಿಮಾನಿಗಳಿಂದ ಬೈಗುಳ ತಿಂದಿತು ಎನ್ನುವುದನ್ನು ಮಾತ್ರ ನಾನು ಆಗ ಹೇಳಲಿಲ್ಲ.

ನಾವೂ ಹಾಗೆ ಗುಡುಗು ಬಿಟ್ಟು ಮೆಲುದನಿಯ ಹಾಡಿಗೆ ತಿರುಗಿದೆವು. ಮೊದಲು ಮಾಡಿದ್ದು ಶುದ್ಧ ಪೆದ್ದುತನ: ಹಳೆಯ ಹಾಡುಗಳ ವೇಗ ಇಳಿಸಿ, ಆಂಪ್ಲಿಫೈಯರಿನಲ್ಲಿ ಗಿಟಾರಿನ ದನಿಯನ್ನು ಒರಟಾಗಿಸುವ ಗೇನ್ ಗುಂಡಿಯನ್ನು ಎಂಟರಿಂದ ಮೂರಕ್ಕೆ ತಂದೆವು. ನೀರು ಬೆರೆಸಿದ ಸಾರಿನ ಹಾಗಾಯಿತು. ಕಾರಣ ತಿಳಿಯಲು ಎರಡು ತಿಂಗಳು ಹಿಡಿಯಿತು. ಡಿಸ್ಟಾರ್ಷನ್, ಅಂದರೆ ಆ ಒರಟುತನ, ಜೋರಾಗಿದ್ದಾಗ ಒಟ್ಟಿಗೆ ಮೊಳಗುವ ಸ್ವರಗಳು ಒಂದಕ್ಕೊಂದು ತಾಕಿ, ಕಾರ್ಡಿನಲ್ಲಿ, ಅಂದರೆ ಒಟ್ಟಿಗೆ ನುಡಿಸುವ ಆ ಸ್ವರಗುಂಪಿನಲ್ಲಿ, ಇಲ್ಲದ ಹೊಸ ಸ್ವರಗಳನ್ನು ಹುಟ್ಟಿಸುತ್ತವೆ. ಆಧಾರಸ್ವರ ಮತ್ತು ಪಂಚಮ ಎರಡೇ ಇದ್ದರೆ ಅವು ಹೊಂದಿಕೊಂಡು ಕೂರುತ್ತವೆ. ಗಾಂಧಾರ ಸೇರಿಸಿದಿರೋ, ಎಲ್ಲ ಕೆಸರು. ಅದಕ್ಕೇ ಮೆಟಲ್ ಆಧಾರಸ್ವರ-ಪಂಚಮಗಳ ಪವರ್ ಕಾರ್ಡನ್ನು ಬಿಡುವುದಿಲ್ಲ. ಗೇನ್ ಇಳಿಸಿದ ಮೇಲೆ ಆ ಎರಡೇ ಸ್ವರ ಖಾಲಿ ಬಿಂದಿಗೆಯಂತೆ ಸದ್ದು ಮಾಡುತ್ತಿದ್ದವು. ಅಷ್ಟು ವರ್ಷ ನುಡಿಸಿದ ನನಗೆ ನೆಟ್ಟಗೆ ಗಾಂಧಾರ ಸೇರಿದ ಒಂದು ಮೈನರ್ ಕಾರ್ಡ್ ಹಿಡಿಯಲು ಬರುತ್ತಿರಲಿಲ್ಲ! ಮೈನರಿಗೆ ಒಂಬತ್ತನೆಯ ಸ್ವರ ಸೇರಿಸಿ, ಒಂದೊಂದೇ ತಂತಿ ಮೀಟಿ, ಮೇಲಿನ ತಂತಿಗಳನ್ನು ಮೊಳಗಲು ಬಿಡುವುದನ್ನು ಮೊದಲಿನಿಂದ ಕಲಿತೆ.

ಗಿಟಾರಿನ ಶ್ರುತಿಯನ್ನೂ ಸಿ ಯಿಂದ ಡಿ ಗೆ ಏರಿಸಿದೆವು. ಸಡಿಲ ತಂತಿ ಡಿಸ್ಟಾರ್ಷನ್ನಿನ ಹೊಗೆಯಲ್ಲಿ ಅಡಗುತ್ತದೆ, ಬೆಳಕಿನಲ್ಲಿ ಅಡಗುವುದಿಲ್ಲ. ನುಡಿಸಿದ್ದನ್ನು ಪ್ರತಿಧ್ವನಿಯಾಗಿ ಮರಳಿಸುವ ಡಿಲೇ ಪೆಡಲ್ ಒಂದನ್ನು ಹಳೆಯದು ಕೊಂಡೆ. ನಿಮಿಷಕ್ಕೆ 100 ಬಡಿತದ ಹಾಡಿನಲ್ಲಿ ಒಂದು ಬಡಿತ 600 ಮಿಲಿಸೆಕೆಂಡು. ಅದರ ಮುಕ್ಕಾಲು, ಅಂದರೆ 450ಕ್ಕೆ ಪೆಡಲ್ ಇಟ್ಟರೆ ಪ್ರತಿಧ್ವನಿ ಬಡಿತಗಳ ಸಂದಿನಲ್ಲಿ ಬಂದು ಬೀಳುತ್ತದೆ, ಒಬ್ಬನೇ ನುಡಿಸಿದರೂ ಇಬ್ಬರಂತೆ ಕೇಳುತ್ತದೆ. ಇನ್ನು ರಾಗ ಎಳೆಯುವ ಕೆಲಸ ಬೇಸ್ ಗಿಟಾರಿಗೆ ಹೋಯಿತು. ಇಂಗ್ಲೆಂಡಿನ ಜಾಯ್ ಡಿವಿಷನ್ ತಂಡದ ಪೀಟರ್ ಹುಕ್ ನುಡಿಸುತ್ತಿದ್ದ ಹಾಗೆ ಬೇಸಿನ ಕತ್ತಿನ ಮೇಲ್‌ಸ್ಥಾಯಿಯಲ್ಲಿ. ಕುಮಟಾದವನ ಮುಖದಲ್ಲಿ ಅಷ್ಟು ವರ್ಷಗಳಲ್ಲಿ ಮೊದಲ ಬಾರಿ ನಗು ಕಂಡೆ.

ಡ್ರಮ್ಮರ್ ಮಾತ್ರ ಮುನಿದ. ಎರಡೂ ಕಾಲಿನಿಂದ ದೊಡ್ಡ ಡ್ರಮ್ ಬಡಿಯುವ ಡಬಲ್ ಪೆಡಲ್ ಬಿಚ್ಚಿ, ಪಂಚೆಯಲ್ಲಿ ಸುತ್ತಿ, ಸತ್ತವರ ಸಾಮಾನು ಎತ್ತಿಡುವಂತೆ ಚೀಲಕ್ಕೆ ಹಾಕಿದ. ಇಂಗ್ಲೆಂಡಿನ ಸಿಸ್ಟರ್ಸ್ ಆಫ್ ಮರ್ಸಿ ತಂಡದಲ್ಲಿ ಡ್ರಮ್ಮರನೇ ಇಲ್ಲ, ಡ್ರಮ್ ಬಾರಿಸುವ ಯಂತ್ರಕ್ಕೇ ಡಾಕ್ಟರ್ ಅವಲಾಂಚ್ ಎಂದು ಹೆಸರಿಟ್ಟಿದ್ದಾರೆ ಎಂದು ನಾನು ತಮಾಷೆಗೆ ಹೇಳಿದ್ದು ಇನ್ನೂ ಕೆಟ್ಟಿತು. ಎರಡು ಭಾನುವಾರ ಅವನು ಬರಲಿಲ್ಲ. ಅವನನ್ನು ಮರಳಿ ತಂದದ್ದು ದೊಡ್ಡಪ್ಪನ ಮಾತು. ಅವರು ಯಕ್ಷಗಾನದ ಹುಚ್ಚಿನವರು. ಮೂಟೆ ಲೆಕ್ಕ ಮಾಡಲು ಬಂದವರು ಬಾಗಿಲಲ್ಲಿ ನಿಂತು ಕೇಳಿ, “ತಮ್ಮಾ, ಇಷ್ಟು ದಿನ ನೀವು ರಾತ್ರಿಯಿಡೀ ಚಂಡೆಯನ್ನೇ ಬಾರಿಸಿದಿರಿ. ಈಗ ಭಾಗವತರು ಬಂದ ಹಾಗಿದೆ. ಆದರೆ ಮದ್ದಲೆ ಎಲ್ಲಿ?” ಎಂದರು. ಅದನ್ನು ಹಾಗೇ ಫೋನಿನಲ್ಲಿ ಹೇಳಿದೆ. ಮುಂದಿನ ವಾರ ಬಂದವನು ಚುರುಕು ಸದ್ದಿನ ಸ್ನೇರ್ ಡ್ರಮ್ ಬಿಟ್ಟು ತಗ್ಗು ದನಿಯ ಫ್ಲೋರ್ ಟಾಮ್ ಡ್ರಮ್ಮಿನ ಮೇಲೇ ಇಡೀ ಹಾಡು ನಡೆಸಿದ.

ಹಾಡುಗಾರನ ದನಿ ಮರಳಿತು, ತಗ್ಗಿನಲ್ಲಿ. ಬಾಯಿಯನ್ನು ಮೈಕಿಗೆ ಎರಡು ಬೆರಳಿನಷ್ಟು ಹತ್ತಿರ ತಂದರೆ ಮಂದ್ರ ತಾನಾಗಿ ಉಬ್ಬುತ್ತದೆ, ಗಂಟಲಿಗೆ ಶ್ರಮವಿಲ್ಲ. ತೊಂದರೆ ಬೇರೆಡೆ ಇತ್ತು: ಈಗ ಪದಗಳು ಕೇಳಿಸುತ್ತಿದ್ದವು. ಮೊದಲು ಇಂಗ್ಲಿಷಿನಲ್ಲಿ ಗೋರಿ, ರಕ್ತ ಎಂದು ಏನು ಅರಚಿದರೂ ಮನೆಯವರಿಗೆ ಗೊತ್ತಾಗುತ್ತಿರಲಿಲ್ಲ. ಕನ್ನಡದಲ್ಲಿ ಬರೆಯೋಣ ಎಂದು ಕುಳಿತೆವು. ಅಂಕೋಲೆಯವನು ತಮ್ಮ ಕೇರಿಯ ಕಡಲ ಕೊರೆತದ ಬಗ್ಗೆ ಬರೆದ ಸಾಲು: ‘ಕಡಲು ಬಂತು ಬಾಗಿಲಿಗೆ’. ನಿಧಾನದ ಹಾಡು, ಮೊದಲ ಅಕ್ಷರವನ್ನು ನಾಲ್ಕು ಬಡಿತ ಎಳೆಯಬೇಕು. ಎಳೆದರೆ ‘ಕಾಡಲು ಬಂತು ಬಾಗಿಲಿಗೆ’! ಕನ್ನಡದಲ್ಲಿ ಹ್ರಸ್ವವನ್ನು ಎಳೆದರೆ ಪದವೇ ಬದಲು. ಮಿಕ್ಕ ಹಾಡುಗಳಲ್ಲಿ ಉದ್ದದ ಸ್ವರಗಳ ಕೆಳಗೆ ದೀಪ, ನೀರು, ಬೇಲಿ ಎಂಬ ದೀರ್ಘದ ಪದಗಳನ್ನೇ ಹುಡುಕಿ ಕೂರಿಸಿದೆವು. ಈ ಸಾಲನ್ನು ಮಾತ್ರ ಮುಟ್ಟಲಿಲ್ಲ. ಮೊದಲ ಸಲ ಎಳೆದು, ಎರಡನೆಯ ಸಲ ಮೊಟಕಾಗಿ ಹಾಡುತ್ತಾನೆ.

ಕಾರವಾರದ ಸಣ್ಣ ಸಭಾಂಗಣವೊಂದರಲ್ಲಿ ಮೊದಲು ನುಡಿಸಿದಾಗ ಕಪ್ಪು ಅಂಗಿಯ ಹಳೆಯ ಹುಡುಗರಲ್ಲಿ ಅರ್ಧದಷ್ಟು ಮಂದಿ ಎರಡನೆಯ ಹಾಡಿಗೇ ಚಹಾ ಕುಡಿಯಲು ಎದ್ದರು. ಕಡಲಿನ ಸಾಲು ಬಂದಾಗ ಮುಂದಿನ ಸಾಲಿನಲ್ಲಿದ್ದ ಹೆಂಗಸೊಬ್ಬರು ಪಕ್ಕದವರ ಕೈ ಹಿಡಿದುಕೊಂಡರು.

ಧ್ವನಿಮುದ್ರಣ ಇನ್ನೂ ಆಗಿಲ್ಲ. ಗೋದಾಮಿನಲ್ಲೇ ಮಾಡೋಣ ಎಂದಿದ್ದೆವು, ಆದರೆ ಈಗ ಮಳೆ ನಮಗಿಂತ ಜೋರು. ಅಕ್ಟೋಬರಿನ ತನಕ ಕಾಯಬೇಕು.