ನಾಯಿ, ಬೆಕ್ಕು ಇರುವ ಮನೆಯಲ್ಲಿ ಕೋಳಿಮರಿ ಮಾಡಿಸುವ ಕ್ರಮ

ಪತ್ತನಾಜೆಯ (ಮೇ ಕೊನೆಯ ವಾರದಲ್ಲಿ, ಮಳೆ ಹಿಡಿಯುವ ಮೊದಲು ಬರುವ ತುಳುವರ ಪರ್ವದಿನ) ಹೊತ್ತಿಗೆ ಮರಿಗಳಿಗೆ ಎಂಟು ವಾರ ತುಂಬಿರಬೇಕು. ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಹಿತ್ತಲಲ್ಲಿ ನಾಲ್ಕು ಕೋಳಿ ಸಾಕುವವರು ಈ ಲೆಕ್ಕದಿಂದ ಶುರು ಮಾಡಿದರೆ ಅರ್ಧ ತೊಂದರೆ ಅಲ್ಲಿಗೇ ತಪ್ಪುತ್ತದೆ. ಮೊಟ್ಟೆ ಮರಿಯಾಗಲು 21 ದಿನ, ಮರಿಗೆ ಪುಕ್ಕ ಬಲಿತು ಚಳಿ ತಡೆಯುವಂತಾಗಲು ಎಂಟು ವಾರ, ಒಟ್ಟು ಹನ್ನೊಂದು ವಾರ. ಮೇ ಕೊನೆಯ ವಾರದಿಂದ ಹಿಂದಕ್ಕೆ ಎಣಿಸಿದರೆ ಮಾರ್ಚ್ ಮೊದಲ ವಾರದೊಳಗೆ ಮೊಟ್ಟೆ ಕಾವಿಗೆ ಇಟ್ಟಾಗಿರಬೇಕು. ಡಿಸೆಂಬರ್, ಜನವರಿಯಲ್ಲಿ ಇಟ್ಟರೆ ಇನ್ನೂ ಒಳ್ಳೆಯದು. ಮಳೆ ಹಿಡಿದ ಮೇಲೆ ಹುಟ್ಟಿದ ಮರಿಗಳು ಒದ್ದೆ ನೆಲದಲ್ಲಿ ಬೆಳೆಯಬೇಕಾಗುತ್ತದೆ. ಮರಿಯ ಕರುಳಿಗೆ ಬರುವ ರಕ್ತಭೇದಿ ರೋಗಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಬೇರಿಲ್ಲ. ಜೊತೆಗೆ, ಮಳೆಗಾಲದಲ್ಲಿ ನಾಯಿ, ಬೆಕ್ಕು, ಕೋಳಿ ಎಲ್ಲವೂ ಒಂದೇ ಜಗಲಿಯ ಒಣ ಮೂಲೆಗೆ ಬರುತ್ತವೆ. ಅಪಾಯ ಹೆಚ್ಚುವುದು ಆಗಲೇ.

ಮನೆಯಲ್ಲಿ ಸಾಕುಪ್ರಾಣಿ ಇದೆ ಎಂದು ಕೋಳಿಯ ಆಸೆ ಬಿಡಬೇಕಿಲ್ಲ. ಆದರೆ ಬೆಕ್ಕಿನ ಸ್ವಭಾವವನ್ನು ತಿದ್ದುತ್ತೇವೆ, ನಾಯಿಗೆ ಬುದ್ಧಿ ಹೇಳಿದರೆ ಸಾಕು ಎಂಬ ನಂಬಿಕೆಯ ಮೇಲೆ ಮರಿ ಬಿಡಬಾರದು. ತಿದ್ದಬೇಕಾದದ್ದು ಜಾಗವನ್ನು.

ಹೇಂಟೆಯ ಆಯ್ಕೆ

ಕಾವು ಕೂರುವ ಗುಣ ಇರುವುದು ನಾಟಿ ಕೋಳಿಯಲ್ಲಿ. ಮೊಟ್ಟೆಗಾಗಿಯೇ ಬೆಳೆಸಿದ ಹೈಬ್ರಿಡ್ ತಳಿಗಳು ಸಾಮಾನ್ಯವಾಗಿ ಕಾವಿಗೆ ಬರುವುದಿಲ್ಲ. ಗಿರಿರಾಜ, ಗ್ರಾಮಶ್ರೀಯಂಥ ತಳಿಯ ಮರಿ ಬೇಕಿದ್ದರೂ ಅವುಗಳ ಮೊಟ್ಟೆಯನ್ನು ನಾಟಿ ಹೇಂಟೆಯಡಿ ಇಡುವುದೇ ಸರಿ.

ಕಾವಿಗೆ ಬಂದ ಹೇಂಟೆ ಗೂಡು ಬಿಟ್ಟು ಏಳುವುದಿಲ್ಲ, ಕೈ ಹತ್ತಿರ ಒಯ್ದರೆ ಪುಕ್ಕ ಉಬ್ಬಿಸಿ ಗುರುಗುಟ್ಟುತ್ತದೆ, ಎದೆಯ ಕೆಳಗಿನ ಪುಕ್ಕ ಉದುರಿರುತ್ತದೆ. ಹಾಗೆಂದು ಅದೇ ದಿನ ಮೊಟ್ಟೆ ಇಡಬೇಡಿ. ಎರಡು ಹಳೆಯ ಮೊಟ್ಟೆ ಇಟ್ಟು ಎರಡು ಮೂರು ದಿನ ನೋಡಿ. ನಾಯಿ ಬೊಗಳಿದ ಕೂಡಲೇ ಎದ್ದು ಓಡುವ ಹೇಂಟೆಯನ್ನು ಈ ಕೆಲಸಕ್ಕೆ ಆರಿಸಬೇಡಿ. ಗಟ್ಟಿಯಾಗಿ ಕೂತರೆ ರಾತ್ರಿ ಹೊತ್ತು, ಕತ್ತಲಲ್ಲಿ, ಹೊಸ ಬುಟ್ಟಿಗೆ ವರ್ಗಾಯಿಸಿ. ಹಗಲಲ್ಲಿ ಎತ್ತಿ ಇಟ್ಟರೆ ಹಳೆಯ ಜಾಗಕ್ಕೇ ಮರಳುತ್ತದೆ.

ಹೇಂಟೆಯ ರೆಕ್ಕೆಯಡಿ, ಗುದದ ಸುತ್ತ ಹೇನು ಇದೆಯೇ ನೋಡಿ. ಹೇನು ಕಚ್ಚುವ ಕೋಳಿ ಕಾವನ್ನು ಅರ್ಧದಲ್ಲಿ ಬಿಡುತ್ತದೆ. ಒಲೆಯ ಬೂದಿಯನ್ನು ಜರಡಿ ಹಿಡಿದು ಪುಕ್ಕದ ಬುಡಕ್ಕೆ ಹಚ್ಚಿ, ಬುಟ್ಟಿಯ ತಳಕ್ಕೂ ಎರಚಿ. ನಾಯಿಯ ಉಣ್ಣಿಗೆ ತಂದ ಔಷಧವನ್ನು ವೈದ್ಯರನ್ನು ಕೇಳದೆ ಕೋಳಿಗೆ ಹಾಕಬೇಡಿ. ಇನ್ನೊಂದು ಮಾತು: ನಾಯಿಯ ಬೆನ್ನಿಗೆ ಹಾಕುವ ಪರ್ಮೆಥ್ರಿನ್ ಇರುವ ಔಷಧ ಬೆಕ್ಕಿಗೆ ವಿಷ. ಮೂರೂ ಇರುವ ಮನೆಯಲ್ಲಿ ಒಂದರ ಮದ್ದು ಇನ್ನೊಂದಕ್ಕೆ ಎಂಬ ಅಭ್ಯಾಸವೇ ಬೇಡ.

ಮೊಟ್ಟೆ

ಎಂಟು ಹತ್ತು ಹೇಂಟೆಗೆ ಒಂದು ಹುಂಜ ಇದ್ದರೆ ಮೊಟ್ಟೆ ಫಲ ಕಟ್ಟಿರುತ್ತದೆ. ಮಧ್ಯಮ ಗಾತ್ರದ, ಬಿರುಕಿಲ್ಲದ, ಸರಿಯಾದ ಆಕಾರದ ಮೊಟ್ಟೆ ಆರಿಸಿ. ತೊಳೆಯಬಾರದು, ಚಿಪ್ಪಿನ ಮೇಲಿನ ತೆಳು ಪೊರೆ ಹೋದರೆ ಸೂಕ್ಷ್ಮಜೀವಿ ಒಳಗೆ ಇಳಿಯುತ್ತದೆ. ಫ್ರಿಜ್‌ನಲ್ಲಿ ಇಟ್ಟದ್ದನ್ನು ಬಳಸಬೇಡಿ. ದಪ್ಪ ತುದಿ ಮೇಲೆ ಬರುವಂತೆ ತಂಪು ಕೋಣೆಯಲ್ಲಿ ಇಟ್ಟರೆ ಒಂದು ವಾರದವರೆಗೆ ಬಾಳುತ್ತದೆ. ಅದು ತಂಪು ಕಾಲದ ಲೆಕ್ಕ. ಮಾರ್ಚ್ ಸೆಖೆಯಲ್ಲಿ ಮೂರು ನಾಲ್ಕು ದಿನಕ್ಕಿಂತ ಹೆಚ್ಚು ಕೂಡಿಡಬೇಡಿ, ಯಾಕೆಂದರೆ ಆ ಬಿಸಿಗೆ ಭ್ರೂಣ ಅರೆಬರೆ ಬೆಳೆಯಲು ಶುರುವಾಗಿ ಸಾಯುತ್ತದೆ.

ಒಂದು ನಾಟಿ ಹೇಂಟೆಯಡಿ ಹತ್ತರಿಂದ ಹನ್ನೆರಡು ಮೊಟ್ಟೆ ಸಾಕು. ಹದಿನೈದು ಇಟ್ಟರೆ ಅಂಚಿನವು ತಣ್ಣಗಾಗುತ್ತವೆ, ಕೋಳಿ ಅವನ್ನು ಒಳಗೆ ಎಳೆದುಕೊಂಡಾಗ ಬೇರೆಯವು ಹೊರಗೆ ಬರುತ್ತವೆ, ಕೊನೆಗೆ ಎಲ್ಲವೂ ಕೆಡುತ್ತವೆ. ಎಲ್ಲವನ್ನೂ ಒಂದೇ ರಾತ್ರಿ ಇಡಿ. ಪ್ರತಿ ಮೊಟ್ಟೆಗೂ ಪೆನ್ಸಿಲಿನಲ್ಲಿ ಗುರುತು ಹಾಕಿ, ಬೇರೆ ಕೋಳಿ ಬಂದು ಇಟ್ಟುಹೋದದ್ದನ್ನು ಸಂಜೆ ತೆಗೆಯಿರಿ. ಹಿಂದೆಮುಂದೆ ಇಟ್ಟ ಮೊಟ್ಟೆಗಳಾದರೆ ಮೊದಲ ಮರಿಗಳ ಜೊತೆ ತಾಯಿ ಎದ್ದುಹೋಗುತ್ತದೆ, ಉಳಿದವು ಚಿಪ್ಪಿನಲ್ಲೇ ಸಾಯುತ್ತವೆ.

ಕಾವಿನ ಬುಟ್ಟಿ, ಕಾವಿನ ಕೋಣೆ

ಸುಮಾರು 40 ಸೆಂ.ಮೀ. ಅಗಲದ ಬುಟ್ಟಿ. ತಳಕ್ಕೆ ಅಡಿಕೆ ಹಾಳೆ, ಅದರ ಮೇಲೆ ಎರಡು ಇಂಚು ಒಣ ಮರಳು, ನಡುವೆ ಸ್ವಲ್ಪ ತಗ್ಗು, ಮೇಲೆ ಬೈಹುಲ್ಲು. ತಗ್ಗು ಆಳವಾದರೆ ಮೊಟ್ಟೆಗಳು ಒಂದರ ಮೇಲೊಂದು ಬಿದ್ದು ಒಡೆಯುತ್ತವೆ, ತಗ್ಗೇ ಇಲ್ಲದಿದ್ದರೆ ಉರುಳಿಹೋಗುತ್ತವೆ.

ಜಾಗ ಮುಖ್ಯ. ಕಟ್ಟಿಗೆ ಕೊಟ್ಟಿಗೆಯ ಮೂಲೆ ಚೆನ್ನಾಗಿ ಕಂಡರೂ ಇಲಿ ಹಿಡಿಯಲು ಬೆಕ್ಕು ಬರುವುದೂ ಅಲ್ಲಿಗೇ, ಕೇರೆಹಾವು ಬರುವುದೂ ಅಲ್ಲಿಗೇ. ಬಾಗಿಲು ಮುಚ್ಚುವ, ಗಾಳಿಯಾಡುವ, ನಸುಗತ್ತಲೆಯ ಕೋಣೆ ಬೇಕು. ಕಿಟಕಿಗೆ ಅರ್ಧ ಇಂಚಿನ ಬೆಸುಗೆ ಜಾಲರಿ ಬಡಿಯಿರಿ. ನೀರು, ಕಾಳು ಬುಟ್ಟಿಯಿಂದ ಎರಡು ಹೆಜ್ಜೆ ದೂರ ಇರಲಿ. ದಿನಕ್ಕೊಮ್ಮೆ ಹದಿನೈದು ಇಪ್ಪತ್ತು ನಿಮಿಷ ಹೇಂಟೆ ಎದ್ದು ತಿಂದು ಹಿಕ್ಕೆ ಹಾಕಿ ಬರುತ್ತದೆ. ಆ ಹೊತ್ತಲ್ಲಿ ನಾಯಿಯನ್ನು ಅಂಗಳದಲ್ಲಿ ಬಿಟ್ಟಿರಬಾರದು. ಅಟ್ಟಿದರೆ ಕೋಳಿ ಹೆದರಿ ಗಂಟೆಗಟ್ಟಲೆ ಮರಳದೆ ಮೊಟ್ಟೆ ತಣ್ಣಗಾಗುತ್ತದೆ.

ಏಳನೆಯ ರಾತ್ರಿ ಮೊಬೈಲಿನ ಟಾರ್ಚಿನ ಮೇಲೆ ಮೊಟ್ಟೆಯ ದಪ್ಪ ತುದಿ ಇಟ್ಟು ನೋಡಿ. ಜೇಡರ ಬಲೆಯಂತೆ ರಕ್ತನಾಳ ಕಂಡರೆ ಜೀವ ಇದೆ. ಪೂರ್ತಿ ತಿಳಿಯಾಗಿದ್ದರೆ ಫಲ ಕಟ್ಟಿಲ್ಲ. ಕೆಂಪು ಉಂಗುರವೊಂದೇ ಕಂಡರೆ ಬೆಳೆದು ಸತ್ತಿದೆ. ಹದಿನಾಲ್ಕನೆಯ ರಾತ್ರಿ ಮತ್ತೊಮ್ಮೆ ನೋಡಿ ಕೆಟ್ಟದ್ದನ್ನು ತೆಗೆದುಬಿಡಿ. ಕೊಳೆತ ಮೊಟ್ಟೆ ಬುಟ್ಟಿಯಲ್ಲಿ ಒಡೆದರೆ ಉಳಿದವೂ ಹಾಳು. ತೆಗೆದ ಮೊಟ್ಟೆಯನ್ನು ನಾಯಿಗೆ ಎಸೆಯುವ ರೂಢಿ ಹಲವು ಮನೆಗಳಲ್ಲಿದೆ. ಅದನ್ನು ಬಿಡಲೇಬೇಕು. ಮೊಟ್ಟೆಯ ರುಚಿ ಕಂಡ ನಾಯಿ ಗೂಡು ಹುಡುಕಿಕೊಂಡು ಹೋಗುತ್ತದೆ. ತೆಂಗಿನ ಬುಡದಲ್ಲಿ ಆಳವಾಗಿ ಹೂಳಿ.

ಹದಿನೆಂಟನೆಯ ದಿನದಿಂದ ಬುಟ್ಟಿಗೆ ಕೈ ಹಾಕಬೇಡಿ. ಚಿಪ್ಪಿನಲ್ಲಿ ತೂತು ಕಂಡ ಮೇಲೆ ಮರಿ ಹೊರಬರಲು ಹನ್ನೆರಡು ಗಂಟೆಯಿಂದ ಒಂದು ದಿನದವರೆಗೂ ಬೇಕು. ಆ ಹೊತ್ತಿನಲ್ಲಿ ಮರಿ ಹಳದಿ ಲೋಳೆಯನ್ನು ಹೊಟ್ಟೆಗೆ ಎಳೆದುಕೊಳ್ಳುತ್ತಿರುತ್ತದೆ, ಪೊರೆಯ ರಕ್ತನಾಳ ಬತ್ತುತ್ತಿರುತ್ತದೆ. ಕನಿಕರದಿಂದ ಚಿಪ್ಪು ಬಿಡಿಸಿದರೆ ರಕ್ತ ಸೋರಿ ಸಾಯುವುದೇ ಹೆಚ್ಚು. ಹುಟ್ಟಿದ ಮರಿಗೆ ಎರಡು ದಿನ ಆಹಾರ ಇಲ್ಲದಿದ್ದರೂ ನಡೆಯುತ್ತದೆ, ಗಾಬರಿ ಬೇಡ.

ಯಂತ್ರದಲ್ಲಿ ಇಡುವುದಾದರೆ

ಫ್ಯಾನ್ ಇರುವ ಸಣ್ಣ ಇನ್‌ಕ್ಯುಬೇಟರಿನಲ್ಲಿ ಉಷ್ಣತೆ 37.5 ಡಿಗ್ರಿ ಸೆಲ್ಸಿಯಸ್, ತೇವ ಮೊದಲ 18 ದಿನ ಶೇ 50–55, ಕೊನೆಯ ಮೂರು ದಿನ ಶೇ 65–70. ದಿನಕ್ಕೆ ಮೂರು ಅಥವಾ ಐದು ಸಲ ಮಗುಚಬೇಕು. ಬೆಸಸಂಖ್ಯೆಯಾದರೆ ರಾತ್ರಿಯ ದೀರ್ಘ ಹೊತ್ತು ಒಂದೇ ಬದಿಗೆ ಬೀಳುವುದಿಲ್ಲ. ಹದಿನೆಂಟಕ್ಕೆ ಮಗುಚುವುದು ನಿಲ್ಲಿಸಿ.

ನಮ್ಮ ಕಡೆಯ ತೊಡಕು ತೇವ. ಗಾಳಿಯೇ ಒದ್ದೆಯಾಗಿರುವ ದಿನಗಳಲ್ಲಿ ನೀರಿನ ತಟ್ಟೆ ತುಂಬಿಸಿದರೆ ಮೊಟ್ಟೆಯೊಳಗಿನ ನೀರು ಆರುವುದಿಲ್ಲ, ಮರಿ ಊದಿ ಚಿಪ್ಪಿನೊಳಗೆ ತಿರುಗಲಾಗದೆ ಸಾಯುತ್ತದೆ. ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ ಇದ್ದರೆ ತೂಕ ನೋಡಿ: 45 ಗ್ರಾಂ ಮೊಟ್ಟೆ 18ನೆಯ ದಿನಕ್ಕೆ ಐದರಿಂದ ಆರು ಗ್ರಾಂ ಇಳಿದಿರಬೇಕು. ಕರೆಂಟು ಹೋದರೆ ಮುಚ್ಚಳ ತೆಗೆಯಬೇಡಿ, ಗಾಳಿಯ ತೂತು ಬಿಟ್ಟು ಕಂಬಳಿ ಹೊದಿಸಿ. ಒಂದೆರಡು ಗಂಟೆ ತಣ್ಣಗಾಗುವುದನ್ನು ಭ್ರೂಣ ತಡೆದುಕೊಳ್ಳುತ್ತದೆ, ಅತಿ ಬಿಸಿಯನ್ನು ತಡೆಯುವುದಿಲ್ಲ. ಆದ್ದರಿಂದ ಯಂತ್ರ ಬಿಸಿಲು ಬೀಳುವ ಕಿಟಕಿಯ ಬಳಿ ಬೇಡ. ಬೆಚ್ಚನೆಯ ಪೆಟ್ಟಿಗೆಯ ಮೇಲೆ ಮಲಗಲು ಬೆಕ್ಕಿಗೆ ಬಹಳ ಇಷ್ಟ. ಗಾಳಿಯ ತೂತು ಮುಚ್ಚಿಹೋಗುತ್ತದೆ, ಕೋಣೆಯ ಬಾಗಿಲು ಹಾಕಿ.

ಮರಿಗಳ ಮೊದಲ ವಾರಗಳು

ತಾಯಿಯ ಜೊತೆ ಇರುವ ಮರಿಗೆ ಬಲ್ಬು ಬೇಡ. ಯಂತ್ರದ ಮರಿಗೆ ಮೊದಲ ವಾರ ನೆಲದ ಮಟ್ಟದಲ್ಲಿ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿ ಇಳಿಸುತ್ತ ಬನ್ನಿ. 25 ಮರಿಗೆ ಒಂದು ಮೀಟರ್ ಅಗಲದ ವೃತ್ತ, ಎರಡು ಇಂಚು ಉಮಿ, ಮೇಲೆ ಮೊದಲ ಮೂರು ದಿನ ಗೋಣಿ ಬಟ್ಟೆ. ನುಣುಪಾದ ಕಾಗದ ಹಾಸಿದರೆ ಕಾಲು ಜಾರಿ ಅಗಲವಾಗಿ, ಮರಿ ಕುಂಟಾಗುತ್ತದೆ. 60 ವ್ಯಾಟ್‌ನ ಹಳೆಯ ಮಾದರಿ ಬಲ್ಬು ಬೇಕು, ಎಲ್‌ಇಡಿ ಶಾಖ ಕೊಡುವುದಿಲ್ಲ. ಥರ್ಮಾಮೀಟರಿಗಿಂತ ಮರಿಗಳನ್ನೇ ನೋಡಿ. ಬಲ್ಬಿನಡಿ ಗುಂಪುಗೂಡಿ ಚೀರಿದರೆ ಚಳಿ, ಅಂಚಿಗೆ ಹೋಗಿ ಬಾಯಿ ತೆರೆದರೆ ಸೆಖೆ.

ಬಲ್ಬನ್ನು ವಯರಿನಲ್ಲಿ ನೇತುಹಾಕಬೇಡಿ. ಸರಪಳಿಗೆ ಕಟ್ಟಿ, ಅದು ಕಳಚಿದರೆ ಹಿಡಿಯಲು ಇನ್ನೊಂದು ತಂತಿ ಬಿಗಿಯಿರಿ. ಬೆಕ್ಕು ಹಾರಿ ಬಲ್ಬು ಉಮಿಗೆ ಬಿದ್ದರೆ ಸುಡುವುದು ಮರಿಗಳು ಮಾತ್ರವಲ್ಲ, ಕೋಣೆಯೇ. ಜಾಲರಿಯ ಮುಚ್ಚಳ ಕಡ್ಡಾಯ. ಒಣ ಉಮಿ ಕಂಡರೆ ಬೆಕ್ಕು ಅಲ್ಲೇ ಮಲ ಮಾಡುತ್ತದೆ, ಅದರಿಂದ ಟಾಕ್ಸೊಪ್ಲಾಸ್ಮ ಎಂಬ ಪರಾವಲಂಬಿ ಜೀವಿ ಕೋಳಿಗೂ ಮನುಷ್ಯರಿಗೂ ಹರಡಬಹುದು. ಬಸುರಿಯರು ಈ ಉಮಿ ಬದಲಿಸುವ ಕೆಲಸ ಮಾಡಬಾರದು.

ಆಹಾರಕ್ಕೆ ಶೇ 20 ಪ್ರೋಟೀನ್ ಇರುವ ಸ್ಟಾರ್ಟರ್ ಮೇವು. ಕುಚ್ಚಲಕ್ಕಿ ನುಚ್ಚೊಂದನ್ನೇ ಹಾಕಿದರೆ ಮರಿ ಬದುಕಿದರೂ ಪುಕ್ಕ ಸರಿಯಾಗಿ ಬರುವುದಿಲ್ಲ. ಉಪ್ಪು ಹಾಕಿದ ಒಣಮೀನಿನ ಪುಡಿ ಮರಿಗೆ ವಿಷ. ಕಡಲೆಹಿಂಡಿಗೆ ಬೂಸ್ಟು ಹಿಡಿದಿದ್ದರೆ ಕೋಳಿಗೂ ಬೇಡ, ನಾಯಿಗೂ ಬೇಡ. ಇಬ್ಬರ ಯಕೃತ್ತೂ ಕೆಡುತ್ತದೆ. ಕೆಲವು ಕೋಳಿ ಮೇವಿನಲ್ಲಿ ರಕ್ತಭೇದಿ ತಡೆಯಲು ಮೊನೆನ್ಸಿನ್‌, ಸ್ಯಾಲಿನೊಮೈಸಿನ್‌ ಸೇರಿಸಿರುತ್ತಾರೆ. ಅದು ನಾಯಿಯ ನರ, ಸ್ನಾಯುಗಳಿಗೆ ಅಪಾಯ, ಆದ್ದರಿಂದ ಮೇವಿನ ಚೀಲ ಮುಚ್ಚಳದ ಡಬ್ಬಿಯಲ್ಲಿರಲಿ. ನೀರಿನ ತಟ್ಟೆಯಲ್ಲಿ ಬೆಣಚು ಕಲ್ಲು ಹಾಕಿ, ಇಲ್ಲವಾದರೆ ಮರಿ ಮುಳುಗುತ್ತದೆ.

ಮೇವು ಚೆಲ್ಲಿದಲ್ಲಿ ಹೆಗ್ಗಣ ಬರುತ್ತದೆ. ಆಗ ಇಲಿಪಾಷಾಣ ಇಡುವವರಿದ್ದಾರೆ. ವಿಷ ತಿಂದ ಇಲಿಯನ್ನು ತಿಂದ ಬೆಕ್ಕು, ನಾಯಿಯೂ ಸಾಯಬಹುದು. ಬೋನು ಇಡಿ.

ಲಸಿಕೆ

ರಾಣಿಖೇತ್ (ಕೊಕ್ಕರೆ ರೋಗ) ಬಂದರೆ ಹಿತ್ತಲು ಖಾಲಿ. ಐದರಿಂದ ಏಳನೆಯ ದಿನದೊಳಗೆ ಎಫ್ ಅಥವಾ ಲಸೋಟಾ ಲಸಿಕೆ ಕಣ್ಣಿಗೋ ಮೂಗಿಗೋ ಒಂದು ಹನಿ, 14ನೆಯ ದಿನ ಗಂಬೊರೊ (ಇನ್ನೊಂದು ವೈರಸ್ ರೋಗ) ಲಸಿಕೆ, 28ಕ್ಕೆ ಮತ್ತೆ ಲಸೋಟಾ, ಎಂಟನೆಯ ವಾರ ರಾಣಿಖೇತ್‌ಗೇ ಆರ್2ಬಿ ಎಂಬ ಚುಚ್ಚುಮದ್ದು. ಬಾಟಲಿಯಲ್ಲಿ ನೂರಾರು ಮರಿಗಾಗುವಷ್ಟು ಇರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯಷ್ಟೇ ಬಾಳುತ್ತದೆ. ಹಾಗಾಗಿ ನೆರೆಕರೆಯವರು ಒಂದೇ ದಿನ ಕೂಡಿಕೊಂಡು ಪಂಚಾಯತಿನ ಮೃಗಾಸ್ಪತ್ರೆಯಲ್ಲಿ ಕೇಳುವುದು ಒಳ್ಳೆಯದು. ಮಂಜುಗಡ್ಡೆಯಲ್ಲೇ ತನ್ನಿ. ನೀರಿನಲ್ಲಿ ಕೊಡುವಾಗ ಕ್ಲೋರಿನ್ ಹಾಕದ ನೀರು ಬಳಸಿ.

ಮೂರರಿಂದ ಆರು ವಾರದ ಮರಿ ಪುಕ್ಕ ಕೆದರಿ ನಿಂತು ಹಿಕ್ಕೆಯಲ್ಲಿ ರಕ್ತ ಕಂಡರೆ ರಕ್ತಭೇದಿ. ಉಮಿ ಬದಲಿಸಿ, ಅದೇ ದಿನ ವೈದ್ಯರಿಂದ ಆ್ಯಂಪ್ರೋಲಿಯಂ ಪ್ರಮಾಣ ಕೇಳಿ ನೀರಿಗೆ ಹಾಕಿ. ಕೋಳಿಗಳು ಒಮ್ಮೆಲೇ ಹಲವು ಸತ್ತರೆ ಮೃಗಾಸ್ಪತ್ರೆಗೆ ತಿಳಿಸಿ. ಸತ್ತ ಕೋಳಿಯನ್ನು ಬೆಕ್ಕಿಗೆ ಖಂಡಿತ ಹಾಕಬಾರದು, ಹಕ್ಕಿಜ್ವರ ಬೆಕ್ಕಿಗೂ ಹರಡುತ್ತದೆ.

ನಾಯಿಗೆ ಪರಿಚಯ

ಮರಿಗಳು ಜಾಲರಿಯೊಳಗಿರುವಾಗಲೇ ಶುರು ಮಾಡಿ. ನಾಯಿಗೆ ಮೊದಲು ಊಟ ಹಾಕಿ, ಸರಪಳಿಯಲ್ಲಿ ಹಿಡಿದು, ಐದು ಮೀಟರ್ ದೂರದಲ್ಲಿ ಕೂರಿಸಿ. ಐದು ನಿಮಿಷ ಸಾಕು, ದಿನಕ್ಕೆರಡು ಸಲ. ಮರಿಯಿಂದ ನೋಟ ತೆಗೆದು ನಿಮ್ಮ ಕಡೆ ತಿರುಗಿದ ಕ್ಷಣ ತಿಂಡಿ ಕೊಡಿ. ಶಾಂತವಾಗಿದ್ದರೆ ಎರಡು ಮೂರು ದಿನಕ್ಕೊಮ್ಮೆ ಒಂದು ಮೀಟರ್ ಹತ್ತಿರ. ಬೊಗಳುವ ನಾಯಿಗಿಂತ ಬಾಯಿ ಮುಚ್ಚಿ, ಮೈ ಬಿಗಿದು, ರೆಪ್ಪೆ ಮಿಟುಕಿಸದೆ ನೋಡುವ ನಾಯಿಯೇ ಅಪಾಯ. ಅದು ಬೇಟೆಯ ಚಹರೆ. ಅಂಥ ನಾಯಿಯನ್ನು ಮರಿ ದೊಡ್ಡದಾಗುವವರೆಗೆ ಬೇರೆ ಬದಿಯಲ್ಲೇ ಕಟ್ಟಿ. ಹೊಡೆದರೆ ನಿಮ್ಮೆದುರು ಸುಮ್ಮನಿದ್ದು ನೀವಿಲ್ಲದಾಗ ಹಿಡಿಯುತ್ತದೆ. ಕೋಳಿಯ ಹಸಿ ಕರುಳು, ರೆಕ್ಕೆ ನಾಯಿಗೆ ಹಾಕುವುದನ್ನೂ ನಿಲ್ಲಿಸಿ.

ಬೆಕ್ಕಿಗೆ ಈ ಪಾಠ ನಾಟುವುದಿಲ್ಲ. ಎಂಟು ವಾರದವರೆಗೆ ಜಾಲರಿಯೇ ಗತಿ. ಷಟ್ಕೋನದ ದೊಡ್ಡ ಕಣ್ಣಿನ ಕೋಳಿಬಲೆಯಲ್ಲಿ ಬೆಕ್ಕಿನ ಪಂಜ ಒಳಗೆ ಹೋಗುತ್ತದೆ, ನಾಯಿ ಹರಿಯುತ್ತದೆ. ಕೆಳಗಿನ ಎರಡು ಅಡಿಗೆ ಅರ್ಧ ಇಂಚಿನ ಬೆಸುಗೆ ಜಾಲರಿ ಹಾಕಿ, ಒಂದು ಅಡಿ ಹೊರಕ್ಕೆ ಮಡಚಿ ಮೇಲೆ ಕೆಂಪುಕಲ್ಲು ಹೇರಿ. ನಾಯಿ, ಮುಂಗುಸಿ ತೋಡುವುದು ಅಲ್ಲಿ ನಿಲ್ಲುತ್ತದೆ. ಕಾಗೆ, ಕೆಂಬೂತ, ಗಿಡುಗಕ್ಕೆ ಮೇಲೊಂದು ಬಲೆ. ಬೆಕ್ಕಿನ ಹಲ್ಲು ತಾಗಿದ ಮರಿಗೆ ಗಾಯ ಕಾಣದಿದ್ದರೂ ಅದರ ಜೊಲ್ಲಿನ ಸೂಕ್ಷ್ಮಜೀವಿಯಿಂದ ಒಂದೆರಡು ದಿನದಲ್ಲಿ ಸಾಯಬಹುದು, ಕೂಡಲೇ ವೈದ್ಯರ ಬಳಿ ಒಯ್ಯಿರಿ. ತಾಯಿ ಹೇಂಟೆಯೂ ಸಾಧು ಅಲ್ಲ, ನಾಯಿಮರಿ ಹತ್ತಿರ ಬಂದರೆ ಕಣ್ಣಿಗೇ ಕುಕ್ಕುತ್ತದೆ.

ಮಕ್ಕಳು ಮರಿ ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯಬೇಕು, ಮುಖಕ್ಕೆ ತಾಗಿಸಬಾರದು. ಚೆಂದ ಕಾಣುವ ಮರಿಯ ಹಿಕ್ಕೆಯಲ್ಲೂ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲ ಸೂಕ್ಷ್ಮಜೀವಿ ಇರಬಹುದು.

ಹೊರಗೆ ಬಿಡುವಾಗ

ಎಂಟು ವಾರ ತುಂಬಿದ ಮೇಲೆ ಮೊದಲ ವಾರ ಸಂಜೆ ಕತ್ತಲಾಗುವ ಒಂದು ಗಂಟೆ ಮೊದಲು ಬಿಡಿ. ಹಸಿವಿರುವ ಆ ಹೊತ್ತಲ್ಲಿ ಮೇವಿನ ಡಬ್ಬಿಯ ಸದ್ದಿಗೆ ಗೂಡಿಗೆ ಮರಳಲು ಕಲಿಯುತ್ತವೆ. ನೀವು ಅಲ್ಲೇ ಇರಿ, ನಾಯಿ ಸರಪಳಿಯಲ್ಲಿರಲಿ. ಅಡಿಕೆಗೆ ಬೋರ್ಡೋ ಮದ್ದು (ಮೈಲುತುತ್ತು, ಸುಣ್ಣದ ದ್ರಾವಣ) ಬಿಡುವ ದಿನ ತೋಟಕ್ಕೆ ಬಿಡಬೇಡಿ, ಮೈಲುತುತ್ತಿನ ನೀರು ನಿಂತ ಗುಂಡಿಯಿಂದ ಕೋಳಿ ಕುಡಿಯುತ್ತದೆ. ಕತ್ತಲಾದ ಕೂಡಲೇ ತಲೆ ಎಣಿಸಿ ಗೂಡಿನ ಬಾಗಿಲಿಗೆ ಚಿಲಕ ಹಾಕಿ. ನಾಯಿ ಮೂತಿಯಲ್ಲಿ ಎತ್ತಲಾಗದಂತೆ ಚಿಲಕಕ್ಕೆ ಒಂದು ಕೊಕ್ಕೆಯೂ ಇರಲಿ.